ತೊಟ್ಟಿಯ ತೂತು ಮುಚ್ಚುವ ಮಾತ್ರೆ

ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲದ ನಿಂಬೆಹಣ್ಣಿನ ದೀಪ ಹಚ್ಚಿ ಮನೆಗೆ ಬಂದ ನಮ್ಮ ದೊಡ್ಡಮ್ಮ ಚಪ್ಪಲಿ ಬಿಡುತ್ತಲೇ ಕೇಳಿದರು: “ದೀಪ ಹಚ್ಚೋಕೆ ಯಾವಾಗ ಹೋಗೋಣ?” ಬೆರಳಲ್ಲಿ ಇನ್ನೂ ನಿಂಬೆಯ ವಾಸನೆಯಿತ್ತು. ಪರೀಕ್ಷೆಗಳಾದ ಮೇಲೆ ಡಾಕ್ಟರು ಆಲ್ಝೈಮರ್ ಎಂದರು. ರಾತ್ರಿಗೊಂದು 5 ಮಿಲಿಗ್ರಾಂ ಡೊನೆಪೆಜಿಲ್ ಬರೆದುಕೊಟ್ಟರು.

ಈ ಮಾತ್ರೆ ಮಾಡುವುದೇನು? ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ರಾಸಾಯನಿಕಗಳ ಮೂಲಕ. ಅವುಗಳಲ್ಲಿ ಮೊದಲು ಪತ್ತೆಯಾದದ್ದು ಅಸಿಟೈಲ್‌ಕೋಲಿನ್. 1921ರಲ್ಲಿ ಆಟೊ ಲೂವಿ ಕಪ್ಪೆಯ ಹೃದಯಗಳ ಮೇಲೆ ನಡೆಸಿದ ಪ್ರಯೋಗ ಅದರ ಸುಳಿವು ಕೊಟ್ಟಿತು. ಗಮನಕ್ಕೂ ನೆನಪಿಗೂ ಇದು ಬೇಕು. ಸುದ್ದಿ ಮುಟ್ಟಿದೊಡನೆ ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ತುಂಡರಿಸುತ್ತದೆ. ಕಿಣ್ವದ ಒಂದೇ ಅಣು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಕತ್ತರಿಸಿಹಾಕುತ್ತದೆ. ಆಲ್ಝೈಮರ್‌ನಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಕೋಶಗಳೇ ಸಾಯುತ್ತವೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುವ ದಿನ ನಾವು ತೊಟ್ಟಿಯ ತೂತಿಗೆ ಬಟ್ಟೆ ತುರುಕುತ್ತೇವಲ್ಲ, ಮಾತ್ರೆಯ ಕೆಲಸವೂ ಅದೇ: ಆ ಕಿಣ್ವವೆಂಬ ತೂತನ್ನು ಮುಚ್ಚುವುದು.

ಆ ತೂತನ್ನು ವಿಜ್ಞಾನಿಗಳು ಕಂಡೂ ಇದ್ದಾರೆ. 1991ರಲ್ಲಿ ಜೋಯೆಲ್ ಸಸ್‌ಮನ್, ಇಸ್ರೇಲ್ ಸಿಲ್ಮನ್ ಮತ್ತು ಸಂಗಡಿಗರು ವಿದ್ಯುತ್ ಸೂಸುವ ತೊರಕೆ ಮೀನಿನ ಕಿಣ್ವದ ರಚನೆ ಬಿಡಿಸಿದಾಗ, ಅದರೊಳಗೆ ಆಳವಾದ ಕಿರಿದಾದ ಕೊರಕಲೊಂದು ಕಾಣಿಸಿತು. ಕತ್ತರಿಸುವ ಜಾಗ ಇರುವುದು ಅದರ ತಳದಲ್ಲಿ. ಡೊನೆಪೆಜಿಲ್ ಆ ಕೊರಕಲಿನ ಉದ್ದಕ್ಕೂ ಹೋಗಿ ಕೂರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಬಿಟ್ಟು ಹೊರಡುತ್ತದೆ.

ಈ ಬಿಟ್ಟುಹೊರಡುವ ಗುಣವೇ ಮುಖ್ಯ. ನಮ್ಮ ಹೊಲಗಳಿಗೆ ಹೊಡೆಯುವ ಆರ್ಗನೊಫಾಸ್ಫೇಟ್ ಕೀಟನಾಶಕಗಳು ಹಿಡಿಯುವುದೂ ಇದೇ ಕಿಣ್ವವನ್ನು. ಆದರೆ ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ವಿಷ ಕುಡಿದವರಿಗೆ ಬಾಯಲ್ಲಿ ನೊರೆ ಬರುವುದು, ಉಸಿರು ಕಟ್ಟುವುದು ಅದರಿಂದಲೇ. ಮಾತ್ರೆಯಿಂದಲೂ ಕೆಲವರಿಗೆ ವಾಕರಿಕೆ, ಭೇದಿ ಆಗಬಹುದು, ನಾಡಿ ನಿಧಾನವಾಗಬಹುದು. ಆದ್ದರಿಂದ ಕಡಿಮೆ ಪ್ರಮಾಣದಿಂದ ಶುರುಮಾಡುತ್ತಾರೆ. ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು, ನಿಲ್ಲಿಸಲೂಬಾರದು.

ನಲ್ಲಿಯೇ ನಿಂತುಹೋದರೆ ಬಟ್ಟೆ ತುರುಕಿ ಫಲವಿಲ್ಲ. ಈ ಮಾತ್ರೆ ಕೋಶಗಳ ಸಾವನ್ನು ತಡೆಯದು. ನಲ್ಲಿ ಬತ್ತುವುದು ಎಲ್ಲಿಂದ ಶುರುವಾಗುತ್ತದೆಂದು ಅರಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ನಡೆಸುತ್ತಿದೆ.

ಅಲ್ಲಿಯವರೆಗೆ ಉಳಿಸಿಕೊಂಡ ನೀರೂ ನೀರೇ. ಕೆಲವು ತಿಂಗಳ ನಂತರ ಒಂದು ಮಂಗಳವಾರ ದೊಡ್ಡಮ್ಮ ನಿಂಬೆಹೋಳನ್ನು ತಾವೇ ಹಿಂಡಿ, ಸಿಪ್ಪೆ ಮಗುಚಿ, ಬತ್ತಿ ಇಟ್ಟರು. ಮನೆಗೆ ಬಂದವರು ಬೆರಳು ಮೂಸಿ ನೋಡಿ, “ಹಚ್ಚಿ ಆಯ್ತಲ್ಲ” ಎಂದರು.