ಹೊಸ ಗೇಮಿನಲ್ಲಿ ಬುಟ್ಟಿ ಯಾಕೆ ದೂರವಾಯ್ತು?

ದಸರಾ ರಜೆಯಲ್ಲಿ ನಾನು ಬೆಳುವಾಯಿಯಿಂದ ಬಸ್ಸು ಹತ್ತಿ ಮಂಗಳೂರಿನ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅಲ್ಲಿ ಅಣ್ಣನ ಜೊತೆ ಆಡಿದ ಬಾಸ್ಕೆಟ್‌ಬಾಲ್ ವಿಡಿಯೋ ಗೇಮಿನ ಬಗ್ಗೆ ಈ ಲೇಖನ ಬರೆದಿದ್ದೇನೆ. "ಗೇಮಿನ ಬಗ್ಗೆ ಎಂತ ಬರೆಯುವುದು ಮಾರಾಯ?" ಅಂತ ನಮ್ಮ ಬೆಂಚಿನವರು ನಗಾಡಿದರು. ಓದಿ ನೋಡಿ, ಆಮೇಲೆ ನಗಾಡಿ.

ನಮ್ಮ ಶಾಲೆಯಲ್ಲಿ ಕಬಡ್ಡಿ, ವಾಲಿಬಾಲ್ ಉಂಟು, ಬಾಸ್ಕೆಟ್‌ಬಾಲ್ ಇಲ್ಲ. ಆದ್ದರಿಂದ ಮೊದಲು ಆಟದ ಪರಿಚಯ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಈ ಆಟ ಶುರು ಮಾಡಿದರು. ಆಗ ಬುಟ್ಟಿ ಇದ್ದದ್ದು 10 ಅಡಿ ಎತ್ತರದಲ್ಲಿ, ಈಗಲೂ ಅಷ್ಟೇ. ಒಂದೊಂದು ಪಕ್ಷದಲ್ಲಿ 5 ಜನ. ಕಬಡ್ಡಿಯಲ್ಲಿ ರೈಡಿಗೆ 30 ಸೆಕೆಂಡ್ ಇದ್ದ ಹಾಗೆ ಇಲ್ಲಿ 24 ಸೆಕೆಂಡಿನೊಳಗೆ ಚೆಂಡನ್ನು ಬುಟ್ಟಿಗೆ ಎಸೆಯಬೇಕು.

ಗೇಮಿನ ಹೆಸರು ಎನ್‌ಬಿಎ 2ಕೆ. 1999ರಿಂದ ಬರುತ್ತಾ ಉಂಟು. ಹಿಂದಿನ ರಜೆಯಲ್ಲಿ ನಾವು ಆಡಿದ್ದು 2ಕೆ20. ಈ ಸಲ ಅಣ್ಣ ಯಾರದೋ ಕೈಯಿಂದ 2ಕೆ21 ತಂದಿದ್ದ. ಅದು 2020ರ ಸೆಪ್ಟೆಂಬರ್‌ನಲ್ಲಿ ಬಂದದ್ದು. ಅಂದ್ರೆ ಪೇಟೆಯವರಿಗೆ ಹಳತು, ನಮಗೆ ಹೊಸತು. ನಾವಿಬ್ಬರೂ ಒಂದೇ ಪಕ್ಷ, ಎದುರು ಕಂಪ್ಯೂಟರ್.

ಹಳೆಯದರಲ್ಲಿ ನಾನು ಹುಷಾರಿದ್ದೆ, ಇದು ಬಡಾಯಿ ಅಲ್ಲ. ಆದರೆ ಹೊಸದರಲ್ಲಿ ನಾನು ಎಸೆದದ್ದೆಲ್ಲ ರಿಂಗಿಗೆ ಬಡಿದು ಹೊರಗೆ. ಎರಡನೇ ದಿನ ಅಣ್ಣ ನನಗೆ ಪಾಸ್ ಕೊಡುವುದನ್ನೇ ನಿಲ್ಲಿಸಿದ. ನಾನು ಮೂಲೆಯಲ್ಲಿ ಖಾಲಿ ನಿಂತಿದ್ದರೂ ಚೆಂಡು ಬರುವುದಿಲ್ಲ. ಬೈದಿದ್ದರೆ ಪರವಾಗಿರಲಿಲ್ಲ. ಅವನು ಬೈಯಲೂ ಇಲ್ಲ.

ಮಧ್ಯಾಹ್ನ ಅವನು ಟ್ಯೂಷನ್‌ಗೆ ಹೋದಾಗ ನಾನು ಒಂದು ಕಳ್ಳಕೆಲಸ ಮಾಡಿದೆ. ಈ ಗೇಮಿನಲ್ಲಿ ಐದು ಮಟ್ಟ ಉಂಟು: ರೂಕಿ, ಪ್ರೋ, ಆಲ್-ಸ್ಟಾರ್, ಸೂಪರ್‌ಸ್ಟಾರ್, ಹಾಲ್ ಆಫ್ ಫೇಮ್. ನಾವು ಆಡುತ್ತಿದ್ದದ್ದು ಆಲ್-ಸ್ಟಾರ್. ನಾನು ಅದನ್ನು ರೂಕಿಗೆ ಇಳಿಸಿದೆ. ಸಂಜೆ ಆಡುವಾಗ ಚೆಂಡು ಬುಟ್ಟಿಗೆ ಬಿದ್ದದ್ದೇ ಬಿದ್ದದ್ದು! ಎದುರಿನವರು ಅಡ್ಡ ಬರುವುದೇ ಇಲ್ಲ. ಐದು ನಿಮಿಷದಲ್ಲಿ ಅಣ್ಣನಿಗೆ ಗೊತ್ತಾಯ್ತು. ಆಟ ನಿಲ್ಲಿಸಿ ಮೆನು ತೆರೆದು ನೋಡಿದ, ನನ್ನ ಮುಖ ನೋಡಿದ. ನನಗೆ ನಾಚಿಕೆಯಾಗಿ ಕಿವಿ ಬಿಸಿಯಾಯ್ತು. ಅವನು ಅದನ್ನು ಪ್ರೋಗೆ ಇಟ್ಟು, "ಇಲ್ಲಿಂದ ಮೇಲೆ ಹೋಗುವ" ಅಂದ, ಅಷ್ಟೇ.

ಆಮೇಲೆ ಇಬ್ಬರೂ ಕೂತು ಯಾಕೆ ಕಷ್ಟ ಅಂತ ಹುಡುಕಿದೆವು. ಹಳೆಯದರಲ್ಲಿ ಗುಂಡಿ ಒತ್ತಿ ಹಿಡಿದರೆ ಒಂದು ಪಟ್ಟಿ ತುಂಬುತ್ತಿತ್ತು, ಸರಿಯಾದ ಹೊತ್ತಿಗೆ ಬಿಟ್ಟರೆ ಆಯ್ತು. ಹೊಸದರಲ್ಲಿ ಬಲಗೈಯ ಕಡ್ಡಿಯನ್ನು ಕೆಳಗೆ ಎಳೆದು ಎಸೆಯುವಾಗ ಗುರಿಯನ್ನೂ ಹಿಡಿಯಬೇಕು. ಪಟ್ಟಿಯ ಗುರುತು ನಡುವಿನಲ್ಲಿ ನಿಲ್ಲಬೇಕು, ಕಡ್ಡಿ ಸ್ವಲ್ಪ ಓರೆಯಾದರೂ ಗುರುತು ಪಕ್ಕಕ್ಕೆ ಸರಿಯುತ್ತದೆ. ಅಂದ್ರೆ ಮೊದಲು "ಯಾವಾಗ" ಅನ್ನುವುದು ಮುಖ್ಯ, ಈಗ "ಎಲ್ಲಿಗೆ" ಅನ್ನುವುದು ಮುಖ್ಯ. ನಾನು ಹೊಸ ಗೇಮನ್ನು ಹಳೆಯ ಕೈಯಲ್ಲಿ ಆಡುತ್ತಿದ್ದೆ! ಇದು ನನಗೊಬ್ಬನಿಗೇ ಆದ ಫಜೀತಿ ಅಲ್ಲ. ಗೇಮು ಬಂದ ಹೊಸತರಲ್ಲಿ ಲೋಕದ ತುಂಬಾ ಆಡುವವರು ದೂರಿದರು, ಕಂಪೆನಿಯವರು ಸುಲಭದ ಮಟ್ಟಗಳಲ್ಲಿ ಸ್ವಲ್ಪ ಸಡಿಲ ಮಾಡಿದರು. ಬೇಕಾದರೆ ಗುಂಡಿ ಒತ್ತಿಯೂ ಎಸೆಯಬಹುದು. ಆದರೆ ಅಣ್ಣ ಕಡ್ಡಿಯಲ್ಲೇ ಆಡುವವ, ನನಗೂ ಹಟ.

ಬೆಳಿಗ್ಗೆ ಅವನು ಏಳುವ ಮೊದಲು ಅಭ್ಯಾಸದ ಕೋರ್ಟಿನಲ್ಲಿ ಒಬ್ಬನೇ ಎಸೆದೆ. ಮೊದಲು ಬುಟ್ಟಿಯ ಹತ್ತಿರದಿಂದ, ಆಮೇಲೆ ದೂರದಿಂದ. ನಮ್ಮ ಕಾಟುಮಾವಿನ ಮರಕ್ಕೆ ಕಲ್ಲು ಹೊಡೆಯುವಾಗ ಹೇಗೆ? ಮೊದಲು ತಗ್ಗಿನ ಗೊಂಚಲು, ಆಮೇಲೆ ತುದಿಯದ್ದು. ಜೋರಾಗಿ ಎಳೆದರೆ ಕಡ್ಡಿ ಓರೆ ಹೋಗುತ್ತದೆ ಅಂತ ಅಲ್ಲಿ ಗೊತ್ತಾಯ್ತು. ಹೆಬ್ಬೆರಳು ಮೆತ್ತಗಿರಬೇಕು. ಇನ್ನೊಂದು ವಿಷಯ, ಎದುರಿನವ ಮುಖಕ್ಕೆ ಕೈ ಚಾಚಿದ್ದರೆ ಗುರಿ ಸರಿ ಇದ್ದರೂ ಚೆಂಡು ಬೀಳುವುದು ಕಷ್ಟ. ಮಟ್ಟ ಏರಿದ ಹಾಗೆ ಕಂಪ್ಯೂಟರಿನವರು ಹೆಚ್ಚು ಅಂಟಿಕೊಂಡೇ ಇರುತ್ತಾರೆ. ಆಗ ಎಸೆಯಬಾರದು, ಖಾಲಿ ನಿಂತವನಿಗೆ ಪಾಸ್ ಕೊಡಬೇಕು. ನಾನು ಹಾಗೆ ನಾಲ್ಕೈದು ಸಲ ಅಣ್ಣನಿಗೆ ಕೊಟ್ಟೆ. ಅವನು ಬುಟ್ಟಿಗೆ ಹಾಕಿದ.

ಕೊನೆಯ ದಿನ ಪುನಃ ಆಲ್-ಸ್ಟಾರ್. ನಾವು 2 ಅಂಕ ಹಿಂದೆ, ಉಳಿದದ್ದು 6 ಸೆಕೆಂಡ್. ಚೆಂಡು ಅಣ್ಣನ ಹತ್ತಿರ, ಅವನ ಮೇಲೆ ಇಬ್ಬರು ಬಿದ್ದರು. ನಾನು ಮೂಲೆಯಲ್ಲಿ ಖಾಲಿ. ಅವನು ನನಗೆ ಪಾಸ್ ಕೊಟ್ಟ! ಕಡ್ಡಿ ಎಳೆದೆ, ಗುರುತು ನಡುವಿನಲ್ಲೇ ಇತ್ತು ಅಂತ ನನಗೆ ಕಂಡದ್ದು. ಚೆಂಡು ರಿಂಗಿನ ಮೇಲೆ ಎರಡು ಸಲ ಕುಣಿದು ಹೊರಗೆ ಬಿತ್ತು. ಸೋತೆವು. ಅಣ್ಣ ತಲೆಗೆ ಒಂದು ಮೊಟಕಿ, "ಇನ್ನೊಂದು ಆಡುವ, ಬಸ್ಸಿಗೆ ಟೈಮ್ ಉಂಟು" ಅಂದ.