ಡಿಯರ್ ಪಾತ್‌ನಲ್ಲಿ ಉಂಡು ಮಲಗುವ ಸುಖ

ಶಿಕಾಗೊದಲ್ಲಿ ಹತ್ತಿದ ಮೆಟ್ರಾ ರೈಲು ಉತ್ತರಕ್ಕೆ ಹೊರಟರೆ ಗಾಜಿನ ಗೋಪುರಗಳು ಹಿಂದಾಗಿ, ಇಟ್ಟಿಗೆ ಮನೆಗಳೂ ಮುಗಿದು, ಕಡೆಗೆ ಕಿಟಕಿಯ ತುಂಬ ಬರೀ ಮರಗಳು. ಸುಮಾರು ಒಂದು ಗಂಟೆಗೆ ಲೇಕ್ ಫಾರೆಸ್ಟ್. ನಿಲ್ದಾಣದ ಎದುರಿಗೇ 1916ರ ಹಳೆಯ ಪೇಟೆ, ಮಾರ್ಕೆಟ್ ಸ್ಕ್ವೇರ್. ಅದನ್ನು ಬಳಸಿಕೊಂಡು ಸ್ವಲ್ಪ ನಡೆದರೆ, ಬಿಳಿ ಗೋಡೆಯ ಮೇಲೆ ಕಪ್ಪು ಮರದ ಪಟ್ಟಿಗಳು ಹಾಯ್ದ, ಇಳಿಜಾರು ಸೂರಿನ ಡಿಯರ್ ಪಾತ್ ಇನ್ ಎಂಬ ಹೋಟೆಲು ಕಣ್ಣಿಗೆ ಬೀಳುತ್ತದೆ.

ಬಾಗಿಲು ದೂಡಿ ಒಳಗೆ ಬನ್ನಿ. ಹೊರಗಿನ ಚಳಿಗೆ ಮರಗಟ್ಟಿದ ಕೈ ತಾನಾಗಿ ಬೆಂಕಿಗೂಡಿನ ಕಡೆ ಚಾಚುತ್ತದೆ. ತಲೆಯ ಮೇಲೆ ದಪ್ಪ ತೊಲೆಗಳು, ಕಾಲಡಿ ಸದ್ದು ನುಂಗುವ ಜಮಖಾನ, ಎಲ್ಲಿಂದಲೋ ತೇಲಿ ಬರುವ ಬೆಣ್ಣೆಯ ಘಮ. ಇದನ್ನೆಲ್ಲ ನೋಡಿ ಶತಮಾನಗಳ ಹಿಂದಿನ ಕಟ್ಟಡವೆಂದುಕೊಂಡರೆ ಅಮೆರಿಕದ ಹಣ ನಿಮ್ಮನ್ನು ಗೆದ್ದಿತೆಂದೇ ಅರ್ಥ. ಇಂಗ್ಲೆಂಡಿನ ಕೆಂಟ್ ಸೀಮೆಯ ಚಿಡಿಂಗ್‌ಸ್ಟೋನ್‌ನಲ್ಲಿ 1453ರ ಒಂದು ಮನೆಯಿದೆ. ಅದು ಎದ್ದ ಕಾಲಕ್ಕೆ ನಮ್ಮ ವಿಜಯನಗರದ ದೊರೆ ಪ್ರೌಢದೇವರಾಯ ತೀರಿಕೊಂಡು ಏಳು ವರ್ಷವಾಗಿತ್ತು. ಆ ಮನೆಯನ್ನೇ ಮಾದರಿಯಾಗಿಟ್ಟುಕೊಂಡು ಈ ಇನ್ ತೆರೆದದ್ದು 1929ರಲ್ಲಿ. ಆರ್ಮರ್, ಸ್ವಿಫ್ಟ್‌ರಂಥ ಶಿಕಾಗೊದ ಮಾಂಸದ ದೊರೆಗಳು ಬಂಗಲೆ ಕಟ್ಟಿಕೊಂಡಿದ್ದ ಊರಿದು. ಇಂಥ ಊರಿಗೆ ಇಂಗ್ಲಿಷ್ ಜಮೀನ್ದಾರಿ ಗತ್ತು ಬೇಕಿತ್ತೇನೋ. ಅದೇ ವರ್ಷದ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು, ಇನ್ ಮಾತ್ರ ಉಳಿಯಿತು. ಇರುವುದು 57 ಕೋಣೆ. ಅಷ್ಟೇ ಇರುವುದರಿಂದಲೋ ಏನೋ, ಇಲ್ಲಿ ದೊಡ್ಡ ಹೋಟೆಲಿನ ಗಲಾಟೆಯಿಲ್ಲ.

ಗೋಡೆಗಳು ನಕಲೆಂದು ಮೂಗು ಮುರಿಯುವವರು ಮಧ್ಯಾಹ್ನದ ಚಹಾ ಹೊತ್ತಿಗೆ ಸುಮ್ಮನಾಗುತ್ತಾರೆ. ಮೂರಂತಸ್ತಿನ ತಟ್ಟೆ ಮೇಜಿಗೆ ಬರುತ್ತದೆ. ಅಂಚು ಕತ್ತರಿಸಿದ ಪುಟ್ಟ ಸ್ಯಾಂಡ್‌ವಿಚ್‌ಗಳು, ಒಡೆದರೆ ಇನ್ನೂ ಹಬೆಯಾಡುವ ಸ್ಕೋನ್, ನಮ್ಮ ಹಾಲಿನ ಕೆನೆಯನ್ನು ನೆನಪಿಸುವ ಗಟ್ಟಿ ಕ್ರೀಮ್, ಹಣ್ಣಿನ ಜಾಮ್. ಬಡಿಸುವವರ ನಡಿಗೆಯಲ್ಲಿ ಅವಸರವಿಲ್ಲ. ಕೇಟಲ್ ಬರಿದಾಗುವ ಮುನ್ನವೇ ಇನ್ನೊಂದು ಬಂದಿರುತ್ತದೆ, ಯಾರು ಯಾವಾಗ ತಂದಿಟ್ಟರೆಂದು ತಿಳಿಯುವುದಿಲ್ಲ. ಪಕ್ಕದ ಮೇಜಿನಲ್ಲಿ ಹ್ಯಾಟು ತೊಟ್ಟ ಅಜ್ಜಿಯರು ಮೊಮ್ಮಗಳ ಹುಟ್ಟುಹಬ್ಬ ಮಾಡುತ್ತಿದ್ದರೆ, ಕೆಳಗಿನ ವೈಟ್ ಹಾರ್ಟ್ ಪಬ್ಬಿನಲ್ಲಿ ಬಿಯರ್ ಲೋಟಗಳ ಸದ್ದು, ಕರಿದ ಮೀನಿನ ವಾಸನೆ, ಏರಿದ ದನಿ. ರಾತ್ರಿ ಇಂಗ್ಲಿಷ್ ರೂಮ್ ಎಂಬ ಊಟದ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿಗೆ ಒಂದೊಂದೇ ತಟ್ಟೆ ಬರುತ್ತದೆ. ಒಂದು ಮುಗಿದು, ಮಾತು ಮುಗಿದು, ಆಮೇಲೆ ಮತ್ತೊಂದು. ಬಾಳೆಲೆಯ ಮೇಲೆ ಎಲ್ಲವನ್ನೂ ಒಟ್ಟಿಗೆ ಕಂಡು ಬೆಳೆದ ನಮಗೆ ಈ ಕಾಯುವಿಕೆ ಮೊದಲು ಕಿರಿಕಿರಿ ಎನಿಸುತ್ತದೆ, ಆಮೇಲೆ ಅದೇ ರುಚಿಸುತ್ತದೆ.

ನನ್ನ ಮಟ್ಟಿಗೆ ರಾತ್ರಿಯೂಟಕ್ಕಿಂತ ಚಹಾವೇ ಮೇಲು. ಇಲ್ಲಿ ತಂಗುವುದು ದುಬಾರಿ. ಜೇಬು ಒಪ್ಪದಿದ್ದರೆ ಬೆಳಗಿನ ರೈಲಿಗೆ ಬಂದು, ಚಹಾ ಮುಗಿಸಿ, ಸಂಜೆಯ ರೈಲಿಗೆ ಹಿಂತಿರುಗಬಹುದು. ಮೇಜನ್ನು ಮುಂಚೆಯೇ ಕಾದಿರಿಸಿ. ಸಸ್ಯಾಹಾರಿಗಳಾದರೆ ಅದನ್ನೂ ಆಗಲೇ ಹೇಳಿಬಿಡಿ.