24ನೇ ತಾರೀಖು ಹುಬ್ಬಳ್ಳಿಯಲ್ಲಿ ಶೋ ಇಲ್ಲ

ಬೆಂಗಳೂರಿಗೆ 23, ಮುಂಬೈಗೆ 25. ಲಿಂಕಿನ್ ಪಾರ್ಕ್ ಬ್ಯಾಂಡು 2026ರ ಜನವರಿಗೆ ಭಾರತದಲ್ಲಿ ಘೋಷಿಸಿದ ತಾರೀಖುಗಳು ಇವೆರಡೇ. ನಡುವೆ ಒಂದು ದಿನ ಉಳಿಯಿತು ನೋಡಿ, ಗದ್ದಲ ಶುರುವಾಗಿದ್ದೇ ಅಲ್ಲಿಂದ. ಬೆಂಗಳೂರು–ಮುಂಬೈ ಹೆದ್ದಾರಿ ನಮ್ಮ ರಾಣೇಬೆನ್ನೂರು, ಮೋಟೆಬೆನ್ನೂರು, ಹಾವೇರಿ ದಾಟಿಕೊಂಡೇ ಹೋಗುತ್ತದೆ. ಬ್ಯಾಂಡಿನ ಸಾಮಾನು ಆ ದಾರಿಯಲ್ಲೇ ಬರಬೇಕು, 24ನೇ ತಾರೀಖಿಗೆ ಅವರಿಗೆ ಬೇರೆ ಕೆಲಸವಿಲ್ಲ, ಅಂದಮೇಲೆ ನಡುವೆ ಎಲ್ಲೋ ಒಂದು ಶೋ ಇದ್ದೇ ಇದೆ ಎಂಬುದು ಲೆಕ್ಕ. ಐರಣಿಯಿಂದ ದಾವಣಗೆರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗರ ಬಾಯಲ್ಲಿ ಇದೇ ಮಾತು: "24 ಖಾಲಿ ಐತ್ರೀ ಅಣ್ಣಾ. ಹುಬ್ಬಳ್ಳಿ ಪಕ್ಕಾ, ಇಲ್ಲಾಂದ್ರ ದಾವಣಗೇರಿ."

ಪಕ್ಕಾ ಅಲ್ಲ. ಇಲ್ಲವೇ ಇಲ್ಲ. ಟೂರ್ ಪಟ್ಟಿಯಲ್ಲಿ ಕಾಣುವ ಖಾಲಿ ದಿನವೆಂದರೆ ಬಚ್ಚಿಟ್ಟ ಊರು ಎಂಬ ಈ ನಂಬಿಕೆಯಷ್ಟು ಗಟ್ಟಿಯಾಗಿ ಬೇರೂರಿದ ಇನ್ನೊಂದು ತಪ್ಪು ಕಲ್ಪನೆಯನ್ನು ಸಂಗೀತಪ್ರಿಯರಲ್ಲಿ ನಾನು ಕಂಡಿಲ್ಲ. ಪ್ರತಿ ಟೂರಿನಲ್ಲೂ ಸುಳ್ಳಾಗುತ್ತದೆ, ಮುಂದಿನ ಟೂರಿಗೆ ಮತ್ತೆ ಎದ್ದು ಕೂರುತ್ತದೆ.

24ನೇ ತಾರೀಖಿನ ಒಳಗೆ ಏನೇನು ತುಂಬಿರುತ್ತದೆ ಎಂದು ಒಮ್ಮೆ ಕೂಡಿಸಿ ನೋಡಿ. ಬಯಲು ಮೈದಾನದಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. 2000ದ ಶಬ್ದ ಮಾಲಿನ್ಯ ನಿಯಮ ಹೇಳುವುದು ಅದನ್ನೇ. ಆಮೇಲೆ ಜನ ಕರಗಬೇಕು. ಆಮೇಲೆ ಸ್ಪೀಕರ್ ಗೋಪುರ, ಲೈಟು, ಪರದೆ, ಕೇಬಲ್ಲು, ಡ್ರಮ್ಮು, ಮಿಕ್ಸರ್ ಎಲ್ಲವನ್ನೂ ಬಿಚ್ಚಿ, ಪೆಟ್ಟಿಗೆಗೆ ಹಾಕಿ, ಲಾರಿಗೆ ಏರಿಸಬೇಕು. ನೂರಾರು ಆಳುಗಳನ್ನು ಹಚ್ಚಿದರೂ ಬೆಳಗಿನ ಜಾವವಾಗುತ್ತದೆ. ಬೆಂಗಳೂರಿನಿಂದ ಮುಂಬೈ ಸುಮಾರು ಒಂದು ಸಾವಿರ ಕಿಲೋಮೀಟರ್. ತುಂಬಿದ ಲಾರಿಗೆ ಇಪ್ಪತ್ತು ತಾಸಿಗಿಂತ ಕಡಿಮೆ ಹಿಡಿಯುವುದಿಲ್ಲ. ನಿಪ್ಪಾಣಿ, ಸಾತಾರಾ, ಖಂಡಾಲದ ಘಾಟಿ ಬೇರೆ. 24ರ ಬೆಳಗಿನ ಜಾವ ಬಿಟ್ಟ ಲಾರಿ ಮುಂಬೈ ಮುಟ್ಟುವ ಹೊತ್ತಿಗೆ 24 ಮುಗಿದಿರುತ್ತದೆ. ವಿಮಾನದಲ್ಲಿ ಕಳಿಸಿದರೂ ಬಿಚ್ಚುವ, ಕಟ್ಟುವ, ಏರಿಸುವ, ಇಳಿಸುವ ಹೊತ್ತು ಉಳಿಯುವುದಿಲ್ಲ. ಲಾರಿ ರಾಣೇಬೆನ್ನೂರಿನ ಮೇಲೆ ಹಾದುಹೋಗಬಹುದು, ನಿಜ. ಹಾಯುವುದಕ್ಕೂ ಇಳಿಯುವುದಕ್ಕೂ ಬಹಳ ದೂರ. ಇಳಿದರೆ ಸ್ಟೇಜು ಕಟ್ಟಲು ಒಂದು ದಿನ, ಶೋ ಒಂದು ರಾತ್ರಿ, ಬಿಚ್ಚಲು ಇನ್ನೊಂದು ರಾತ್ರಿ. ಅಷ್ಟರಲ್ಲಿ 25ರ ಮುಂಬೈ ಶೋ ಮುಗಿದೇ ಹೋಗಿರುತ್ತದೆ.

ಮುಂಬೈ ಕಾರ್ಯಕ್ರಮ ಇನ್ನೊಂದು ಕಾರಣಕ್ಕೂ ಮುಖ್ಯ. ಅದು ಲೊಲ್ಲಾಪಲೂಜಾ ಎಂಬ ಉತ್ಸವದ ಭಾಗ. ದೊಡ್ಡ ಉತ್ಸವಗಳು ಕಲಾವಿದರ ಜೊತೆ ಒಪ್ಪಂದ ಮಾಡಿಕೊಳ್ಳುವಾಗ, ನಮ್ಮ ಶೋದ ಹಿಂದೆಮುಂದೆ ಇಷ್ಟು ದಿನ, ಸುತ್ತ ಇಷ್ಟು ದೂರದಲ್ಲಿ ಬೇರೆಲ್ಲೂ ಹಾಡಬಾರದು ಎಂಬ ಷರತ್ತು ಹಾಕುವುದು ಜಗತ್ತಿನಾದ್ಯಂತ ಇರುವ ರೂಢಿ. ಕೋಟಿಗಟ್ಟಲೆ ಸುರಿದು ಕರೆಸುವವರು ತಮ್ಮ ಟಿಕೆಟ್ಟು ಪಕ್ಕದೂರಿನಲ್ಲಿ ಸೋರಿಹೋಗಲು ಬಿಡುವುದಿಲ್ಲ. ಅಭಿಮಾನಿ ನಕ್ಷೆ ನೋಡುತ್ತಾನೆ, ಪ್ರಮೋಟರ್ ಒಪ್ಪಂದ ನೋಡುತ್ತಾನೆ. ಊರು ತೀರ್ಮಾನವಾಗುವುದು ಒಪ್ಪಂದದಲ್ಲಿ.

ಹಳೆಯ ಪಟ್ಟಿಗಳನ್ನು ತೆಗೆದು ನೋಡಿದರೂ ಸಾಕು. ಗನ್ಸ್ ಎನ್ ರೋಸಸ್ 2012ರಲ್ಲಿ ಬಂದಾಗ ಡಿಸೆಂಬರ್ 7ಕ್ಕೆ ಬೆಂಗಳೂರು, 9ಕ್ಕೆ ಮುಂಬೈ, 12ಕ್ಕೆ ದಿಲ್ಲಿ ಕಡೆಯ ಶೋ. 8ನೇ ತಾರೀಖು ಖಾಲಿ ಇತ್ತು. ಹುಬ್ಬಳ್ಳಿಗೆ ಯಾರೂ ಬರಲಿಲ್ಲ. ಎಡ್ ಶೀರನ್ ರಾಕ್ ಬ್ಯಾಂಡಿನವನಲ್ಲ. ಗಿಟಾರು ಹಿಡಿದು ಬಹುಪಾಲು ಒಬ್ಬನೇ ಹಾಡುವವನು. ಅವನ 2025ರ ಪಟ್ಟಿ ಹೀಗಿತ್ತು: ಜನವರಿ 30 ಪುಣೆ, ಫೆಬ್ರವರಿ 2 ಹೈದರಾಬಾದ್, 5 ಚೆನ್ನೈ, 8 ಬೆಂಗಳೂರು, 12 ಶಿಲ್ಲಾಂಗ್, 15 ದಿಲ್ಲಿ ಕಡೆ. ಪ್ರತಿ ಊರಿನ ನಡುವೆಯೂ ಎರಡು ಮೂರು ಖಾಲಿ ದಿನ. ಚೆನ್ನೈಯಿಂದ ಬೆಂಗಳೂರಿಗೆ ಆರೇಳು ತಾಸಿನ ದಾರಿ, ಆದರೂ ಎರಡು ದಿನ ಬಿಟ್ಟರು. ಆ ಎರಡು ದಿನದಲ್ಲಿ ವೆಲ್ಲೂರಿಗೋ ಕೋಲಾರಕ್ಕೋ ಹೋಗಿ ಅವನು ಶೋ ಕೊಡಲಿಲ್ಲ.

ಆ ಟೂರಿನಲ್ಲಿ ಒಂದು ಖಾಲಿ ದಿನ ತುಂಬಿತು. ಹೇಗೆ ತುಂಬಿತು ಎನ್ನುವುದನ್ನು ಗಮನಿಸಬೇಕು. ಬೆಂಗಳೂರಿನ 8ರ ಶೋಗೆ ಬೇಡಿಕೆ ಜೋರಾದಾಗ 9ನೇ ತಾರೀಖು ಸೇರಿಸಿದರು, ಅದೇ ಬೆಂಗಳೂರಿನಲ್ಲಿ. ಕೋಲ್ಡ್‌ಪ್ಲೇ ಮುಂಬೈಗೆ ಮೊದಲು ಹೇಳಿದ್ದು 2025ರ ಜನವರಿ 18 ಮತ್ತು 19. ಟಿಕೆಟ್ಟಿಗೆ ಜನ ಮುಗಿಬಿದ್ದಾಗ 21 ಸೇರಿತು, ಅದೂ ಮುಂಬೈಯಲ್ಲೇ. ಬೇಡಿಕೆ ಹೆಚ್ಚಿದರೆ ಊರು ಹೆಚ್ಚುವುದಿಲ್ಲ, ಅದೇ ಊರಿನಲ್ಲಿ ರಾತ್ರಿ ಹೆಚ್ಚುತ್ತದೆ. ಸ್ಟೇಜು ಎದ್ದು ನಿಂತಿದೆ, ಪರವಾನಗಿ ಸಿಕ್ಕಿದೆ, ಕೆಲಸದವರು ಅಲ್ಲೇ ಇದ್ದಾರೆ. ಎರಡನೆಯ ರಾತ್ರಿಯ ಖರ್ಚು ಮೊದಲ ರಾತ್ರಿಯದಕ್ಕಿಂತ ತೀರ ಕಡಿಮೆ.

ನಮ್ಮ ಭಾಗದವರಿಗೆ ಇದು ಹೊಸ ವಿಷಯವಾಗಬಾರದಿತ್ತು. ವೃತ್ತಿ ನಾಟಕ ಕಂಪನಿಗಳನ್ನು ಕಂಡ ಸೀಮೆ ಇದು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಇವತ್ತಿಗೂ ಸಾಲುಸಾಲಾಗಿ ಟೆಂಟು ಹಾಕುತ್ತವೆ. ತೇರು ಎಳೆದ ಮೇಲೂ ವಾರಗಟ್ಟಲೆ ಕ್ಯಾಂಪು ಮುಂದುವರಿಯುತ್ತದೆ. ಥೇಟರು ಕಟ್ಟಿ, ಸೀನು ಪರದೆ ಏರಿಸಿದ ಮೇಲೆ ಒಂದು ರಾತ್ರಿಗೆ ಬಿಚ್ಚಿಕೊಂಡು ಹೊರಡುವ ಮಾಲೀಕ ದಿವಾಳಿಯಾಗುತ್ತಾನೆ. ಯಾವ ಊರಿನಲ್ಲಿ ಯಾವಾಗ ಜಾತ್ರೆ, ಯಾವಾಗ ಸುಗ್ಗಿಯ ದುಡ್ಡು ಕೈಯಲ್ಲಿರುತ್ತದೆ ಎಂದು ನೋಡಿ ಕ್ಯಾಂಪು ಗೊತ್ತು ಮಾಡುತ್ತಿದ್ದರೇ ಹೊರತು, ಎರಡು ಊರಿನ ನಡುವೆ ದಾರಿಯಲ್ಲಿ ಸಿಕ್ಕಿತು ಎಂದು ಯಾರೂ ಇಳಿಯುತ್ತಿರಲಿಲ್ಲ.

ಖಾಲಿ ದಿನದ ವಾದಿಗಳ ಕೈಯಲ್ಲಿ ಒಂದು ದೊಡ್ಡ ಉದಾಹರಣೆ ಇದೆ, ಅದನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ಕೋಲ್ಡ್‌ಪ್ಲೇ ಮುಂಬೈಯ ನಂತರ ಅಹಮದಾಬಾದನ್ನು ಸೇರಿಸಿತು. ಜನವರಿ 25, ಆಮೇಲೆ 26. "ನೋಡ್ರಿ, ಖಾಲಿ ಇತ್ತು, ತುಂಬಿತು" ಎನ್ನುತ್ತಾರೆ. ಆದರೆ ಅದು ಎರಡು ಊರುಗಳ ನಡುವಿನ ಸಂದಿ ಆಗಿರಲಿಲ್ಲ. ಅಬುಧಾಬಿಯಲ್ಲಿ ನಾಲ್ಕು, ಮುಂಬೈಯಲ್ಲಿ ಮೂರು, ಅಲ್ಲಿಗೆ ಆ ಸುತ್ತು ಮುಗಿದಿತ್ತು. ಮುಂದಿನ ಶೋ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ. ಕೊನೆಗೆ ಒಂದು ಊರು ಕೂಡಿಸಲು ಜಾಗವಿತ್ತು, ಕೂಡಿಸಿದರು. 21ರ ನಂತರ 25ರವರೆಗೆ ಮೂರು ದಿನ ಮತ್ತೆ ಖಾಲಿ ಬಿಟ್ಟೇ ಕೂಡಿಸಿದರು. ಅಹಮದಾಬಾದೇ ಏಕೆ? 1,32,000 ಆಸನಗಳ ಕ್ರೀಡಾಂಗಣ ಇರುವುದು ಅಲ್ಲಿ. ಅಭಿಮಾನಿಗಳ ಸಂಖ್ಯೆಯಲ್ಲಿ, ಕೂಗಿನಲ್ಲಿ ಬೆಂಗಳೂರು ಹಿಂದಿರಲಿಲ್ಲ. ಅದಕ್ಕಿಲ್ಲದ್ದು ಅಷ್ಟು ದೊಡ್ಡ ಕ್ರೀಡಾಂಗಣ. ಚಿನ್ನಸ್ವಾಮಿಯಲ್ಲಿ 40 ಸಾವಿರ ಜನರೂ ಹಿಡಿಸುವುದಿಲ್ಲ, ಅದಿರುವುದು ನಡುಪೇಟೆಯಲ್ಲಿ. 2025ರ ಜೂನ್ 4ರಂದು ಆ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜೀವ ಹೋದ ಮೇಲೆ ದೊಡ್ಡ ಜನಸಂದಣಿಗೆ ಅನುಮತಿ ಕೊಡುವ ಅಧಿಕಾರಿಯ ಕೈ ಹತ್ತು ಸಲ ತಡೆಯುತ್ತದೆ. ತಡೆಯಲೇಬೇಕು.

ಬೆಂಗಳೂರು ಒಂದು ಕಾಲಕ್ಕೆ ಈ ದೇಶದ ರಾಕ್ ರಾಜಧಾನಿಯೇ ಆಗಿತ್ತು. ಅರಮನೆ ಮೈದಾನದಲ್ಲಿ 2002ರಲ್ಲಿ ರೋಜರ್ ವಾಟರ್ಸ್ ಹಾಡಿದ, 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್. 2007ರ ಮಾರ್ಚ್ 17ಕ್ಕೆ ಐರನ್ ಮೇಡನ್, ಅದೇ ವರ್ಷ ಏರೋಸ್ಮಿತ್. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ. ಬೆಂಗಳೂರಿನ ಹುಡುಗರು ಹೆಚ್ಚು ಕೂಗಿದರು ಎಂದು ಇವರೆಲ್ಲ ಬರಲಿಲ್ಲ. ಊರಿನ ನಡುವೆ ಅಷ್ಟು ದೊಡ್ಡ ಬಯಲು ಇತ್ತು, ವಿಮಾನ ನಿಲ್ದಾಣವಿತ್ತು, ಟಿಕೆಟ್ಟಿಗೆ ದುಡ್ಡು ಕೊಡುವ ಕಂಪನಿ ನೌಕರರಿದ್ದರು, ಪ್ರಾಯೋಜಕರಿದ್ದರು. ಆ ಜಾಗದ ಒಡೆತನದ ವ್ಯಾಜ್ಯ 1996ರ ಸ್ವಾಧೀನ ಕಾಯ್ದೆಯಿಂದ ಇವತ್ತಿನವರೆಗೆ ಎಳೆದುಕೊಂಡು ಬಂದಿದೆ. ಸುತ್ತಲ ರಸ್ತೆಗಳಲ್ಲಿ ವಾಹನ ಉಸಿರಾಡಲಾರದಂತಾಗಿದೆ. ದೊಡ್ಡ ಶೋಗಳು ಈಗ ತುಮಕೂರು ರಸ್ತೆಗೆ, ದೇವನಹಳ್ಳಿ ಕಡೆಗೆ ಸರಿದಿವೆ. ಬೆಂಗಳೂರಿಗೇ ಜಾಗದ ತಾಪತ್ರಯ ಹೀಗಿರುವಾಗ ಹುಬ್ಬಳ್ಳಿಯ ನೆಹರು ಮೈದಾನದ ಹೆಸರು ತೇಲಿಬಿಡುವವರಿಗೆ ಏನು ಹೇಳಬೇಕು?

ಯೂ-ಟೂ ಬ್ಯಾಂಡು ಹುಟ್ಟಿದ್ದು 1976ರಲ್ಲಿ. ಭಾರತದಲ್ಲಿ ಅದರ ಮೊದಲ ಕಾರ್ಯಕ್ರಮ ನಡೆದದ್ದು 2019ರ ಡಿಸೆಂಬರ್ 15ಕ್ಕೆ, ಒಂದೇ ಊರಿನಲ್ಲಿ, ಒಂದೇ ರಾತ್ರಿ. ದೇಶಕ್ಕೇ ನಲವತ್ತಮೂರು ವರ್ಷ ಕಾಯಿಸಿದ ಉದ್ಯಮ ಇದು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಸಹಿ ಸಂಗ್ರಹ ಮಾಡಿ ಕಳಿಸಿದರೆ ಬ್ಯಾಂಡು ಬರುತ್ತದೆ ಎನ್ನುವುದು ಸುಳ್ಳು. ಸಹಿ ಹಾಕಿದವರು ಟಿಕೆಟ್ಟು ಕೊಳ್ಳುವವರಲ್ಲ ಎಂದು ಪ್ರಮೋಟರ್‌ಗೆ ಗೊತ್ತು. ಟಿಕೆಟ್ ಆ್ಯಪಿನಲ್ಲಿ "ಆಸಕ್ತಿ ಇದೆಯೇ" ಎಂಬ ಗುಂಡಿಯ ಕೆಳಗೆ ನಿಮ್ಮೂರ ಹೆಸರು ಕಂಡರೆ, ಅವರು ನಿಮ್ಮ ಫೋನ್ ನಂಬರು ಸಂಗ್ರಹಿಸುತ್ತಿದ್ದಾರೆ, ಅಷ್ಟೇ. ಹುಬ್ಬಳ್ಳಿಯಲ್ಲಿ ವಿಮಾನ ಇಳಿಯುತ್ತದೆ, ಹಾಗಾಗಿ ಬ್ಯಾಂಡೂ ಇಳಿಯುತ್ತದೆ ಎಂಬುದು ಅರ್ಧ ಲೆಕ್ಕ. ಇಳಿಯಬೇಕಾದದ್ದು ಐದಾರು ಜನರಲ್ಲ, ಟನ್ನುಗಟ್ಟಲೆ ಸಾಮಾನು. ಎಡ್ ಶೀರನ್ ಚರ್ಚ್ ಸ್ಟ್ರೀಟಿನಲ್ಲಿ ದಿಢೀರನೆ ಹಾಡಲಿಲ್ಲವೇ ಎನ್ನುವವರು, ಪೊಲೀಸರು ಬಂದು ಮೈಕಿನ ವೈರು ಕಿತ್ತದ್ದನ್ನೂ ಜೊತೆಗೆ ನೆನೆಯಲಿ. ಘೋಷಣೆ ಆಯಿತು, ಟಿಕೆಟ್ಟು ಸಿಕ್ಕಿತು, ಇನ್ನು ಶೋ ಖಚಿತ ಎಂಬುದೂ ತಪ್ಪು: 2011ರಲ್ಲಿ ಬೆಂಗಳೂರಿಗಿಂತ ಎರಡು ದಿನ ಮೊದಲು ಗುರಗಾಂವದಲ್ಲಿ ಮೆಟಾಲಿಕಾ ಶೋ, ಜನ ಮೈದಾನಕ್ಕೆ ಬಂದು ಸೇರಿದ ಮೇಲೆ, ಸುರಕ್ಷತೆಯ ಕಾರಣಕ್ಕೆ ನಿಂತುಹೋಯಿತು.

ಪೋಸ್ಟರಿನ ಬಣ್ಣದಲ್ಲಿ, ಗಿಟಾರಿಸ್ಟ್ ಹಾಕಿದ ಫೋಟೊದ ಮೂಲೆಯಲ್ಲಿ ಊರಿನ ಸುಳಿವು ಹುಡುಕುವವರು ಇನ್ನೊಂದು ಪಂಗಡ. ನಮ್ಮ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ ಒಂದೇ ಸಾಲಿನದು. ಅದನ್ನು ಮಳೆಗೂ ಬೆಳೆಗೂ ರಾಜಕೀಯಕ್ಕೂ ಹಚ್ಚಿ ನೂರು ಬಗೆಯಲ್ಲಿ ಬಿಡಿಸುತ್ತಾರೆ, ಮುಂದೆ ಏನಾದರೂ ಅದಕ್ಕೆ ಹೊಂದುವ ಅರ್ಥ ಸಿಗುತ್ತದೆ. ಪೋಸ್ಟರು ಬಿಡಿಸುವವರದೂ ಇದೇ ಕ್ರಮ. ಆದರೆ ಕಾರಣಿಕ ದೈವದ ವಾಣಿ, ಭಕ್ತರ ಶ್ರದ್ಧೆಯ ವಿಷಯ. ಟೂರಿನ ಪಟ್ಟಿ ಏಜೆಂಟೂ ಪ್ರಮೋಟರೂ ಕೂತು ಮುಂಗಡ, ಮೈದಾನ, ಸಾಗಾಟದ ಲೆಕ್ಕ ಹಾಕಿ ಸಹಿ ಮಾಡಿದ ಕಾಗದ. ಅದಕ್ಕೆ ಶ್ರದ್ಧೆ ಬೇಕಿಲ್ಲ, ಓದಲು ಬಂದರೆ ಸಾಕು.

ಇಷ್ಟು ಸಿಟ್ಟು ಏಕೆ, ಹುಡುಗರು ಆಸೆಪಟ್ಟರೆ ಯಾರಿಗೇನು ನಷ್ಟ ಎಂದು ಕೇಳಬಹುದು. ಆಸೆಗೆ ನನ್ನ ತಕರಾರಿಲ್ಲ. ತುಂಗಭದ್ರೆಯ ದಂಡೆಯ ಹಳ್ಳಿಯಲ್ಲಿ ಕೂತು ಲಿಂಕಿನ್ ಪಾರ್ಕ್ ಹಾಡನ್ನು ಪದ ಬಿಡದೆ ಹಾಡುವ ಹುಡುಗನನ್ನು ಕಂಡರೆ ನನಗೆ ಹೆಮ್ಮೆಯೇ. ಆದರೆ ಅವನ ಈ ನಂಬುವ ಗುಣವನ್ನು ಕಾಯುತ್ತ ಕೂತವರಿದ್ದಾರೆ. ಕೋಲ್ಡ್‌ಪ್ಲೇ ಟಿಕೆಟ್ಟಿನ ಮುಖಬೆಲೆ 2,500ರಿಂದ 35,000 ರೂಪಾಯಿ ಇತ್ತು; ಕಳ್ಳ ಮಾರುಕಟ್ಟೆಯಲ್ಲಿ ಲಕ್ಷ ದಾಟಿತು. 2024ರ ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯ ಕೋಲ್ಡ್‌ಪ್ಲೇ ಮತ್ತು ದಿಲ್ಜಿತ್ ದೋಸಾಂಜ್ ಟಿಕೆಟ್ಟುಗಳ ಅಕ್ರಮ ಮಾರಾಟದ ಸಂಬಂಧ ಐದು ನಗರಗಳಲ್ಲಿ ಶೋಧ ನಡೆಸಿತು, ಬೆಂಗಳೂರೂ ಅದರಲ್ಲಿತ್ತು. ಅದು ನಿಜವಾಗಿ ನಡೆಯಲಿದ್ದ ಶೋದ ಕತೆ. ನಡೆಯದ ಶೋಗೆ ಟಿಕೆಟ್ಟು ಮಾರುವುದು ಇನ್ನೂ ಸುಲಭ, ಏಕೆಂದರೆ ಗಿರಾಕಿ ಮೊದಲೇ ನಂಬಿ ತಯಾರಾಗಿರುತ್ತಾನೆ. "24 ಹುಬ್ಬಳ್ಳಿ ಪಕ್ಕಾ" ಎಂದು ಹತ್ತು ಗುಂಪಿಗೆ ಕಳಿಸಿದವನಿಗೆ ಹನ್ನೊಂದನೆಯದಾಗಿ ಬರುವುದು ಮುಂಗಡ ಬುಕಿಂಗಿನ ಕ್ಯೂಆರ್ ಕೋಡ್.

ಇದೇ ಹುಡುಗರು ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದಾಗ, ದರ ಏರಿದೆ ಎಂದು ಯಾರೋ ಹೇಳಿದರೆ ನಂಬುವುದಿಲ್ಲ. ಟೆಂಡರ್ ಪಟ್ಟಿ ನೋಡುತ್ತಾರೆ, ತೂಕದ ಚೀಟಿ ನೋಡುತ್ತಾರೆ, ಲೆಕ್ಕ ತಪ್ಪಿದರೆ ದಲಾಲರ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಆ ಎಚ್ಚರ ಫೋನು ಕೈಗೆ ಬಂದ ಕೂಡಲೇ ಎಲ್ಲಿ ಹೋಗುತ್ತದೆ? ಓದಿದವರು, ಇಂಜಿನಿಯರಿಂಗ್ ಕಲಿಯುವವರು, ಒಂದು ಲಾರಿ ತಾಸಿಗೆ ಎಷ್ಟು ದೂರ ಓಡುತ್ತದೆ ಎಂಬ ಗುಣಾಕಾರ ಮಾಡದೆ ಮುಂದಕ್ಕೆ ಕಳಿಸುತ್ತಾರೆ. ಹಾಡಿನ ಸುದ್ದಿಗೆ ಹೀಗೆ ಮಾಡುವವರು ಔಷಧದ ಸುದ್ದಿಗೂ ಚುನಾವಣೆಯ ಸುದ್ದಿಗೂ ಇದನ್ನೇ ಮಾಡುತ್ತಾರೆ ಎಂಬುದು ನನ್ನ ನಿಜವಾದ ಕಳವಳ.

ಹಾಗಾಗಿ ತಮ್ಮಂದಿರೇ, ತಂಗಿಯರೇ: ಬ್ಯಾಂಡಿನ ಅಧಿಕೃತ ಪುಟದಲ್ಲಿ ಊರು, ಮೈದಾನದ ಹೆಸರು, ಟಿಕೆಟ್ ಮಾರುವ ಸಂಸ್ಥೆ ಮೂರೂ ಒಟ್ಟಿಗೆ ಕಂಡಾಗ ಮಾತ್ರ ನಂಬಿ. ಅದಕ್ಕೂ ಮೊದಲು ಯಾರಿಗೂ ಒಂದು ರೂಪಾಯಿ ಕಳಿಸಬೇಡಿ. ಪಟ್ಟಿಯಲ್ಲಿ ಬೆಂಗಳೂರು ಇದ್ದರೆ ಬೆಂಗಳೂರಿಗೇ ಹೋಗಿ. ರಾಣೇಬೆನ್ನೂರು ಸ್ಟೇಷನ್ನಿನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ನಿಲ್ಲುತ್ತದೆ. ರಾತ್ರಿ ಹತ್ತಿದರೆ ಬೆಳಗ್ಗೆ ಬೆಂಗಳೂರು. ಶೋ ಟಿಕೆಟ್ಟು ಕೈಗೆ ಬಂದ ದಿನವೇ ರೈಲಿನದನ್ನೂ ತೆಗೆಸಿ, ವಾರಾಂತ್ಯಕ್ಕೆ ಸೀಟು ಉಳಿಯುವುದಿಲ್ಲ.